ಕೂಗಿ ಮಾತಾಡಿದ ಮ್ಯಾನೇಜರ್

ಆ ಮನುಷ್ಯ ಗಂಟಲ ನರ ಉಬ್ಬಿಸಿ ಕೂಗುತ್ತಿದ್ದ.

"ಚೆನ್ನಾಗಿದೆ ಮೇಡಂ! ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ!"

ಕೂಗಿದ್ದು ಯಜಮಾನಿಯ ಕಿವಿಯ ಪಕ್ಕದಲ್ಲೇ ಆದರೂ ಅವಳಿಗೆ ಅರ್ಧ ಮಾತ್ರ ಕೇಳಿಸಿತು. ಬಾಟಲಿ ಕಾರ್ಖಾನೆಯ ಮಶೀನ್ ಹಾಲ್ ಅದು. ಕೆಂಡದಂಥ ಗಾಜಿನ ಮುದ್ದೆ ಮೇಲಿನಿಂದ ಅಚ್ಚಿಗೆ ಬೀಳುತ್ತದೆ, ಅಚ್ಚು ಬಾಯಿ ಮುಚ್ಚುತ್ತದೆ, ಒಳಗೆ ಗಾಳಿ ನುಗ್ಗುತ್ತದೆ, ಬಾಯಿ ತೆರೆದರೆ ಬಾಟಲಿ. ಹತ್ತಾರು ಅಚ್ಚುಗಳು ಒಟ್ಟಿಗೆ ಈ ಕೆಲಸ ಮಾಡುವಾಗ ಪಕ್ಕದಲ್ಲಿ ಸಿಡಿಲು ಬಡಿದರೂ ಗೊತ್ತಾಗುವುದಿಲ್ಲ.

ಎದುರಿಗೆ ನಿಂತಿದ್ದ ಫರ್ನೇಸ್ ಮೇಸ್ತ್ರಿ ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ, ಅಂಗೈಯನ್ನು ಮಗುಚಿ ತೋರಿಸಿದ. ಕುಡಿಯೋಕೆ ನೀರು ಬೇಕಾ ಅಂತ ಅರ್ಥ. ಈ ಹಾಲಿನಲ್ಲಿ ಯಾರೂ ಬಾಯಿಯಲ್ಲಿ ಮಾತಾಡುವುದಿಲ್ಲ. ಬೈಗುಳ, ತಮಾಷೆ, ರಜೆ ಕೇಳುವುದು, ಎಲ್ಲ ಕೈಯಲ್ಲೇ.

ಮ್ಯಾನೇಜರ್ ಕೆಲಸಕ್ಕೆ ಬಂದಿದ್ದ ಮನುಷ್ಯ ಮೇಸ್ತ್ರಿಯ ಹೆಬ್ಬೆರಳು ನೋಡಿದ. ತಾನೂ ಹೆಬ್ಬೆರಳು ಎತ್ತಿ ತೋರಿಸಿ, "ಸೂಪರ್!" ಎಂದು ಕೂಗಿದ.

ಮೇಸ್ತ್ರಿ ಯಜಮಾನಿಯ ಮುಖ ನೋಡಿದ. ಯಜಮಾನಿ ತಿರುಗಿ ಜರಡಿ ಮೇಡಂ ಮುಖ ನೋಡಿದಳು.

ಜರಡಿ ಮೇಡಂ ಮಶೀನನ್ನೂ ನೋಡುತ್ತಿರಲಿಲ್ಲ, ಬಾಟಲಿಗಳನ್ನೂ ನೋಡುತ್ತಿರಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು, ಕೂಗುತ್ತಿದ್ದವನ ಬಾಯನ್ನೇ ದಿಟ್ಟಿಸುತ್ತಿದ್ದರು. ಈ ಮನುಷ್ಯನನ್ನು ಹುಡುಕಿ ತಂದಿದ್ದೇ ಅವರು.

ಹಾಲಿನಿಂದ ಅಂಗಳಕ್ಕೆ ಬಂದ ಕೂಡಲೇ ಮೇಡಂ ಯಜಮಾನಿಯ ತೋಳು ಹಿಡಿದು ಒಂದು ಹೆಜ್ಜೆ ಹಿಂದೆ ಉಳಿಸಿಕೊಂಡರು.

"ಅಮ್ಮಾವ್ರೇ, ಇವರನ್ನ ಆಫೀಸಲ್ಲಿ ಕೂರಿಸಿ, ಟೀ ಕೊಡಿಸಿ. ಕೆಲಸ ಕೊಟ್ಟೆ ಅಂತ ಮಾತ್ರ ಬಾಯಿ ಬಿಡಬೇಡಿ."

"ಯಾಕ್ರೀ? ನೀವೇ ಅಲ್ವಾ ಹೊಗಳಿದ್ದು? ಇಂಥೋರು ಸಿಗೋದು ಅಪರೂಪ, ಕಣ್ಣು ಮುಚ್ಕೊಂಡು ಕುರ್ಚಿ ಕೊಡಿ ಅಂದ್ರಿ."

"ಅಂದೆ. ಈಗ ಕಣ್ಣು ತೆಗೀರಿ ಅಂತಿದ್ದೀನಿ."

"ಏನ್ರೀ ಇದು, ನನ್ನ ತಲೆ ತಿನ್ನಬೇಡಿ!" ಯಜಮಾನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ನನ್ನ ಫರ್ನೇಸು ಯಾರ ಕೈಗೆ ಕೊಡಲಿ ಈಗ?"

"ಅದನ್ನೇ ಕಾಪಾಡೋಕೆ ನೋಡ್ತಿದ್ದೀನಿ. ನಡೀರಿ."

ಬೇರೆ ಯಾರಾದರೂ ಹೀಗೆ ಅರ್ಧಂಬರ್ಧ ಮಾತಾಡಿದ್ದರೆ ಯಜಮಾನಿ ಗೇಟಿನಾಚೆ ಕಳಿಸುತ್ತಿದ್ದಳು. ಜರಡಿ ಮೇಡಂ ಮಾತಿಗೆ ಮಾತ್ರ ಹಲ್ಲು ಕಚ್ಚಿಕೊಂಡು ನಡೆದಳು. ಆ ಹೆಂಗಸಿನ ಋಣ ಅವಳ ಮೇಲಿತ್ತು.

ಫರ್ನೇಸು ಅಂದರೆ ಬರೀ ಒಲೆ ಅಲ್ಲ. ಅವಳ ಗಂಡ ಇಟ್ಟಿಗೆ ಇಟ್ಟಿಗೆಯನ್ನೂ ಮುಂದೆ ನಿಂತು ಜೋಡಿಸಿ ಹಚ್ಚಿದ ಬೆಂಕಿ. ಹಚ್ಚಿದ ಮೇಲೆ ಒಂದು ಸಲವೂ ಆರಿಲ್ಲ, ಗಂಡ ಸತ್ತ ದಿನವೂ ಆರಲಿಲ್ಲ. ಆರಿದರೆ ಮುಗಿಯಿತು. ಒಳಗಿನ ಗಾಜು ಕಲ್ಲಾಗಿ ಕೂತುಬಿಡುತ್ತದೆ, ತಣ್ಣಗಾದ ಇಟ್ಟಿಗೆ ಬಿರಿದು ಉದುರುತ್ತದೆ. ಹೊಸದು ಕಟ್ಟುವ ತಾಕತ್ತು ಈಗ ಅವಳಿಗಿಲ್ಲ. ಫರ್ನೇಸು ಹೋದರೆ ಕಾರ್ಖಾನೆ ಹೋಯಿತು, ಅದರ ಮೇಲೆ ಬದುಕುವ ಮನೆಗಳೂ ಹೋದವು. ಉಳಿಯುವುದು ಬರೀ ಜಾಗ.

ಆ ಜಾಗ ಮಾರಿಬಿಡೋಣ ಅಂತ ಅವಳ ಮೈದುನ ಗಂಡನ ಕಾಲದಿಂದಲೂ ಹೇಳುತ್ತಿದ್ದ. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸಣ್ಣ ಯಜಮಾನ ಅನ್ನುತ್ತಿದ್ದರು. ಬೆಣ್ಣೆಯಂಥ ಮಾತು. ಅತ್ತಿಗೆ ಅನ್ನದೆ ಒಂದು ವಾಕ್ಯ ಮುಗಿಸುತ್ತಿರಲಿಲ್ಲ.

ಗಂಡ ಹೋದ ಮೇಲೆ ಮ್ಯಾನೇಜರ್ ಬೇಕೆಂದು ಯಜಮಾನಿ ಪಟ್ಟ ಪಾಡು ಹೇಳಿದರೆ ಒಂದು ಪುರಾಣ. ಮೊದಲನೆಯವನು ಗಂಡನ ಸ್ನೇಹಿತರ ಅಳಿಯ. ಬಂದವನೇ ತನ್ನ ಕೋಣೆಗೆ ರತ್ನಗಂಬಳಿ ಹಾಸಿಸಿದ. ಹಾಲಿನ ಬಿಸಿಗೆ ಚರ್ಮ ಕಪ್ಪಾಗುತ್ತದೆ ಅಂತ ಹೋಗುವ ತನಕ ಹಾಲಿಗೆ ಕಾಲಿಡಲಿಲ್ಲ. ಎರಡನೆಯವನು ಮೈದುನ ತಂದವನು. ಅವನಿಗೆ ಕಾರ್ಖಾನೆಯ ಕಾಂಪೌಂಡಿನ ಉದ್ದಗಲ ಗೊತ್ತಿದ್ದಷ್ಟು ಚೆನ್ನಾಗಿ ಬಾಟಲಿಯ ಉದ್ದಗಲ ಗೊತ್ತಿರಲಿಲ್ಲ. ಆಮೇಲೆ ಅವಳೇ ಪೇಪರಿಗೆ ಜಾಹೀರಾತು ಕೊಟ್ಟಳು. ಅರ್ಜಿಗಳು ಗೋಣಿಚೀಲದಲ್ಲಿ ಬಂದವು. ಬಾಟಲಿ ಕೊಳ್ಳುವ ಗಿರಾಕಿಗಳೂ ಆ ಜಾಹೀರಾತು ನೋಡಿದ್ದರು. ಕುರ್ಚಿ ಖಾಲಿ ಇದೆ ಅಂತ ಗೊತ್ತಾದದ್ದೇ ತಡ, ಒಬ್ಬೊಬ್ಬರೇ ಬೇರೆ ಕಡೆ ಮುಖ ತಿರುಗಿಸಿದರು.

ಆಗ ಯಾರೋ ಈ ಮೇಡಂ ಹೆಸರು ಹೇಳಿದರು. ದೊಡ್ಡ ಕೆಲಸಗಳಿಗೆ ಜನ ಹುಡುಕಿ ಕೊಡುವುದೇ ಇವರ ಕಸುಬು.

ಮೈದುನ ಬಿದ್ದು ಬಿದ್ದು ನಕ್ಕಿದ್ದ. "ಜನ ಹುಡುಕೋಕೂ ಜನಾನಾ ಅತ್ತಿಗೆ? ನಾಳೆ ತುತ್ತು ಬಾಯಿಗೆ ಇಡೋಕೂ ಒಬ್ಬರನ್ನ ಇಟ್ಕೊಳ್ಳಿ."

ಮೇಡಂ ಬಂದವರು ಅವಳ ಕೋಣೆಯಲ್ಲಿ ಕೂರಲೇ ಇಲ್ಲ. ಕ್ಯಾಂಟೀನಿನಲ್ಲಿ ಕೂತರು, ಹಾಲಿನಲ್ಲಿ ನಿಂತರು. ಎಂಥ ಮ್ಯಾನೇಜರ್ ಬೇಕು ಅಂತ ಕಸ ಗುಡಿಸುವವಳನ್ನೂ ಕೇಳಿದರು. ಕೊನೆಗೆ ಯಜಮಾನಿಯ ಎದುರು ಕೂತು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಕೈಕೆಳಗೆ ಕೆಲಸ ಮಾಡೋದು ಎಷ್ಟು ಕಷ್ಟ ಅಮ್ಮಾವ್ರೇ?"

ಯಜಮಾನಿ ಉರಿದುಬಿದ್ದಿದ್ದಳು. ಮೇಡಂ ಅಲುಗಾಡಲಿಲ್ಲ. "ಬರೋರಿಗೆ ನಿಮ್ಮ ಸಿಟ್ಟಿನ ವಿಷಯ ಮೊದಲೇ ಹೇಳ್ತೀನಿ. ತಡ್ಕೊಳ್ಳೋ ಶಕ್ತಿ ಇರೋನೇ ಬರಲಿ. ಬಂದು ಬಿಟ್ಟು ಓಡಿದ ಅಂದ್ರೆ ಇನ್ನೊಬ್ಬರನ್ನ ಹುಡುಕೋ ತಲೆನೋವು ನಂದು, ನಿಮ್ದಲ್ಲ."

ಜಾಹೀರಾತು ಬೇಡ ಅಂದಿದ್ದೂ ಅವರೇ. "ಒಳ್ಳೆ ಮ್ಯಾನೇಜರು ಪೇಪರ್ ಹಿಡ್ಕೊಂಡು ಕೆಲಸ ಹುಡುಕ್ತಾ ಕೂತಿರಲ್ಲ. ಎಲ್ಲೋ ತಲೆ ಎತ್ತದೆ ದುಡೀತಾ ಇರ್ತಾನೆ. ನಾವೇ ಅವನ ಬಾಗಿಲು ತಟ್ಟಬೇಕು. ಯಾರಿಗೂ ಗೊತ್ತಾಗದ ಹಾಗೆ ತಟ್ಟಬೇಕು."

ತಟ್ಟಿದರು. ಎಷ್ಟೋ ಊರು ಅಲೆದರು. ಅರ್ಜಿಯಲ್ಲಿ ಬರೆದದ್ದನ್ನು ನಂಬಲಿಲ್ಲ, ಮೇಲಿನವರ ಶಿಫಾರಸನ್ನೂ ನಂಬಲಿಲ್ಲ. ಕೈಕೆಳಗೆ ದುಡಿದವರನ್ನು ಹಿಡಿದು ಮಾತಾಡಿಸುತ್ತಿದ್ದರು. ಹಾಗೆ ಸೋಸಿ ಸೋಸಿ ಒಬ್ಬನನ್ನು ಉಳಿಸಿದ್ದಕ್ಕೇ ಕ್ಯಾಂಟೀನಿನವರು ಜರಡಿ ಮೇಡಂ ಅಂತ ಹೆಸರಿಟ್ಟಿದ್ದು. ಅವರು ಓಡಾಡಲು ಶುರು ಮಾಡಿದ ಮೇಲೆ ಯಜಮಾನಿಗೆ ಮೊದಲ ಸಲ ಕಣ್ಣಿಗೆ ನಿದ್ದೆ ಹತ್ತಿತ್ತು. ನೀವು ಫರ್ನೇಸು ನೋಡ್ಕೊಳ್ಳಿ, ಮನುಷ್ಯನನ್ನ ನಾನು ನೋಡ್ಕೋತೀನಿ ಅಂತ ಹೇಳುವವರು ಗಂಡ ಹೋದ ಮೇಲೆ ಇವರೊಬ್ಬರೇ.

ಈಗ ಅದೇ ಮನುಷ್ಯ ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿ ಟೀ ಕುಡಿಯುತ್ತಿದ್ದ.

ಜರಡಿ ಮೇಡಂ ಅವನ ಎದುರು ಕೂತರು. ನಗುನಗುತ್ತಲೇ ಶುರು ಮಾಡಿದರು.

"ಹಾಲ್ ಹೇಗನ್ನಿಸ್ತು ಸಾರ್?"

"ಫಸ್ಟ್ ಕ್ಲಾಸ್."

"ಅಲ್ಲಿ ನಿಮ್ಮ ಹಳೇ ಕಾರ್ಖಾನೇಲಿ ಮಶೀನ್ ಓಡೋವಾಗ ಜನರನ್ನ ಹೇಗೆ ಕರೀತಿದ್ರಿ?"

"ಕೂಗಿ ಕರೀತಿದ್ದೆ. ನನ್ನ ಗಂಟಲಿಗೆ ಎದುರೇ ಇಲ್ಲ ಅನ್ನೋರು." ಅವನು ಹೆಮ್ಮೆಯಿಂದ ಕುತ್ತಿಗೆ ಸವರಿಕೊಂಡ.

"ಇಷ್ಟು ವರ್ಷ ಕೂಗಿದ್ರೂ ಗಂಟಲು ಹರಿದಿಲ್ಲವಲ್ಲ, ಪುಣ್ಯ."

"ದಿನಾ ಬಿಸಿನೀರು ಕುಡೀತೀನಿ ಮೇಡಂ."

ಮೇಡಂ ಎದ್ದರು. ಕಿಟಕಿ ತೆರೆಯುವವರಂತೆ ಅವನ ಹಿಂದೆ ಹೋದರು. ಅವನ ಎಡಗಡೆ, ಹೆಗಲಿನ ಹಿಂದೆ ನಿಂತು, ಪಿಸುಮಾತಿನಲ್ಲಿ, ತಮಗೆ ತಾವೇ ಹೇಳಿಕೊಂಡಂತೆ ಅಂದರು:

"ಬೂಟಿನ ದಾರ ಬಿಚ್ಚಿಹೋಗಿದೆ."

ಅವನು ತಟ್ಟನೆ ಬಗ್ಗಿ ಕಾಲು ನೋಡಿಕೊಂಡ.

ದಾರ ಬಿಗಿಯಾಗಿ ಕಟ್ಟಿಯೇ ಇತ್ತು.

"ಇಲ್ವಲ್ಲ ಮೇಡಂ, ಸರಿಯಾಗೇ..." ಅವನು ತಲೆ ಎತ್ತಿದ. ಮೇಡಂ ಮುಖದ ನಗು ಹೋಗಿತ್ತು.

"ಅಮ್ಮಾವ್ರೇ, ನಾನು ಹುಡುಕಿದ ಮನುಷ್ಯನ ಹಳೇ ಕಾರ್ಖಾನೆಗೆ ಹೋಗಿದ್ದೆ ಅಂತ ಹೇಳಿದ್ದೆನಲ್ಲ? ಅಲ್ಲಿಯೋರು ಒಂದು ವಿಷಯ ಹೇಳಿ ನಕ್ಕಿದ್ರು. ನಮ್ಮ ಸಾಹೇಬ್ರು ಎಡಗಿವೀನ ಮಶೀನಿಗೆ ದಾನ ಮಾಡಿಬಿಟ್ಟಿದ್ದಾರೆ ಮೇಡಂ, ಆ ಕಡೆಯಿಂದ ಏನೂ ಕೇಳಲ್ಲ. ರಜಾ ಬೇಕಾದ್ರೆ ಬಲಗಡೆ ನಿಲ್ತೀವಿ, ಬೈಕೋಬೇಕು ಅನ್ನಿಸಿದ್ರೆ ಎಡಗಡೆ ನಿಲ್ತೀವಿ ಅಂದ್ರು."

ಯಜಮಾನಿ ಕುರ್ಚಿಯಿಂದ ಅರ್ಧ ಎದ್ದಳು.

"ಔಷಧಿ!" ಆ ಮನುಷ್ಯ ಗಡಿಬಿಡಿಯಿಂದ ಅಂದ. "ಔಷಧಿ ತಗೊಂಡೆ ಮೇಡಂ, ಈಚೆಗೆ ಕಿವಿ ಸರಿ ಹೋಗಿದೆ."

"ಒಳ್ಳೇದಾಯ್ತು. ಕೈಗೇನೂ ಔಷಧಿ ತಗೊಂಡಿಲ್ಲ ತಾನೆ? ಹಾಲಲ್ಲಿ ಮಶೀನ್ ನಿಲ್ಲಿಸು ಅನ್ನೋಕೆ ಕೈಯಲ್ಲಿ ಹೇಗೆ ತೋರಿಸ್ತೀರಿ?"

ಅವನು ಸ್ವಲ್ಪ ಯೋಚಿಸಿ ಅಂಗೈ ಮುಂದಕ್ಕೆ ಚಾಚಿ ಹಿಡಿದ.

"ಅದು ಟ್ರಾಫಿಕ್ ಪೊಲೀಸಿನೋರು ತೋರಿಸೋದು," ಅಂದರು ಮೇಡಂ. "ಕೈಭಾಷೆ ಒಂದೊಂದು ಕಾರ್ಖಾನೇಲಿ ಒಂದೊಂದು ಥರ ಇರಬಹುದು, ಒಪ್ಪಿದೆ. ಆದ್ರೆ ಬಾಟ್ಲಿ ಹಾಲಲ್ಲಿ ತಲೆ ನೆರೆಸಿಕೊಂಡೋನು ಅಲ್ಲಿ ನಿಂತು ಕೂಗಲ್ಲ. ಕೂಗಿ ಉಪಯೋಗ ಇಲ್ಲ ಅಂತ ಮೊದಲನೇ ದಿನವೇ ಕಲ್ತಿರ್ತಾನೆ."

ಯಜಮಾನಿಯ ಕೈ ಮೇಜಿನ ಮೇಲೆ ಬಿದ್ದ ರಭಸಕ್ಕೆ ಟೀ ಕಪ್ಪು ಮಗುಚಿಕೊಂಡಿತು.

"ಯಾರೋ ನೀನು? ಬೊಗಳೋ! ನನ್ನ ಮನೆ ಹಾಳು ಮಾಡೋಕೆ ಯಾರು ಕಳಿಸಿದ್ರು ನಿನ್ನ?"

ಅವನು ಒದ್ದೆಯಾದ ಪ್ಯಾಂಟನ್ನು ನೋಡಿಕೊಂಡ. ಬಾಗಿಲ ಕಡೆ ನೋಡಿದ. ಬಾಗಿಲಿಗೆ ಅಡ್ಡವಾಗಿ ಆಗಲೇ ಮೇಡಂ ನಿಂತಿದ್ದರು. ಓಡುವ ಬದಲು ಅವನು ಉಸಿರು ಬಿಟ್ಟು ಕುರ್ಚಿಯಲ್ಲಿ ಸಡಿಲವಾಗಿ ಕೂತುಬಿಟ್ಟ. ಮುಖದಲ್ಲಿ ಒಂದು ಥರ ನೆಮ್ಮದಿ.

"ಸದ್ಯ, ಮುಗೀತಲ್ಲ. ಬೆಳಗ್ಗೆಯಿಂದ ಎದೆ ಡವಡವ ಅಂತಿತ್ತು ಅಮ್ಮ. ನಿಮಗೆ ಪುಣ್ಯ ಬರಲಿ."

"ಪುಣ್ಯ ಆಮೇಲೆ. ಕೆಲಸ ಏನು ನಿಂದು?"

"ಮೈಕ್ ಅನ್ನೌನ್ಸರ್ ಅಮ್ಮ. ಗಾಡಿ ಮೇಲೆ ಸ್ಪೀಕರ್ ಕಟ್ಕೊಂಡು ಬೀದಿಬೀದೀಲಿ ಕೂಗ್ತೀನಿ. ಬಟ್ಟೆ ಸೇಲ್, ಚಪ್ಪಲಿ ಸೇಲ್, ಕಳೆದುಹೋದ ನಾಯಿ."

ಇಷ್ಟು ಉರಿಯಲ್ಲೂ ಜರಡಿ ಮೇಡಂ ತುಟಿಯ ಮೂಲೆ ಅಲುಗಿತು. "ಅದಕ್ಕೇ ಗಂಟಲು ಹರಿದಿಲ್ಲ."

"ಒಬ್ಬ ಡ್ರೈವರ್ ಬಂದ. ಈ ಅಂಗಿ, ಈ ಬೂಟು ಕೊಡಿಸ್ದ. ಆ ಮ್ಯಾನೇಜರ್ ಓದಿದ್ದು, ಕೆಲಸ ಮಾಡಿದ್ದು, ಎಲ್ಲ ಬಾಯಿಪಾಠ ಮಾಡಿಸ್ದ. ಕಿವಿ ವಿಷಯ ಆ ಅಯೋಗ್ಯ ಹೇಳಲೇ ಇಲ್ಲ ನೋಡಿ. ಅವನ ಹಿಂದೆ ಯಾರಿದ್ದಾರೆ ಅಂತ ದೇವರಾಣೆ ನಂಗೊತ್ತಿಲ್ಲ."

"ಮ್ಯಾನೇಜರ್ ಕುರ್ಚೀಲಿ ಕೂತು ಏನು ಮಾಡು ಅಂದಿದ್ದ?"

"ಕೂರೋದಾ? ಇಲ್ಲಮ್ಮ. ಕೆಲಸ ಒಪ್ಕೋಬೇಡ ಅಂತಲೇ ಹೇಳಿದ್ದ."

ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡರು.

"ಮಧ್ಯಾಹ್ನದ ಸೈರನ್ ಆಗೋವರೆಗೂ ನಿಮ್ಮಿಬ್ಬರನ್ನ ಈ ಕಡೆಯಿಂದ ಆಚೆ ಹೋಗೋಕೆ ಬಿಡಬೇಡ. ಮಾತಾಡ್ತಾ ಇರು, ಸಂಬಳ ಕೇಳು, ಚೌಕಾಸಿ ಮಾಡು. ಸೈರನ್ ಆದ ಮೇಲೆ ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಾ. ಇಷ್ಟೇ ಅಮ್ಮ ನಂಗೆ ಹೇಳಿದ್ದು."

ಯಜಮಾನಿ ಗೋಡೆಯ ಗಡಿಯಾರ ನೋಡಿದಳು. ಸೈರನ್‌ಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಒಂದು ಮಾತ್ರ ಅವಳಿಗೆ ಗೊತ್ತಾಯಿತು. ಈ ಹೆಂಗಸು ಪಕ್ಕದಲ್ಲಿಲ್ಲದೆ ತಾನೊಬ್ಬಳೇ ಕೂತಿದ್ದರೆ ಈ ಮೈಕಿನವನ ಅಂಗಿ ಬೂಟಿಗೆ ಮರುಳಾಗಿ ಸೈರನ್ ತನಕ ಏನು, ಸಂಜೆ ತನಕ ಸಂಬಳ ಚೌಕಾಸಿ ಮಾಡುತ್ತಾ ಕೂತಿರುತ್ತಿದ್ದಳು.

"ಮೇಡಂ," ಅಂದಳು. "ನಿಮಗೆ ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ. ನೀವು ಇರದೇ ಇದ್ದಿದ್ರೆ..."

"ಹೊಗಳಬೇಡಿ ಅಮ್ಮಾವ್ರೇ. ಇವನು ಗೇಟು ದಾಟಿ ಬಂದಿದ್ದು ನನ್ನಿಂದ." ಮೇಡಂ ದನಿ ಗಡುಸಾಗಿತ್ತು. "ನಾನು ಅರ್ಜಿ ಜೊತೆ ಯಾರ ಫೋಟೋನೂ ತಗೊಳ್ಳಲ್ಲ. ಯಜಮಾನರುಗಳು ಮುಖ ನೋಡಿ ಕೆಲಸ ಕೊಡ್ತಾರೆ ಅನ್ನೋ ಸಿಟ್ಟಿಗೆ ಮಾಡ್ಕೊಂಡ ನಿಯಮ. ಕೈಕೆಳಗಿನೋರನ್ನೆಲ್ಲ ಮಾತಾಡಿಸಿದೆ, ಆ ಮನುಷ್ಯನ ಮುಖ ನೋಡಿರಲಿಲ್ಲ. ನಾನು ಹೋದ ದಿನ ಅವರು ರಜದ ಮೇಲಿದ್ರು. ಫೋನ್ ಮಾಡಿದಾಗೆಲ್ಲ ಮನೇಲಿ ಸಿಕ್ಕಿದ್ದು ಅವರ ಹೆಂಡತಿ. ನನ್ನ ಈ ಪದ್ಧತಿ ಗೊತ್ತಿರೋರೇ ಯಾರೋ ಇದನ್ನ ಮಾಡಿದ್ದಾರೆ. ಆ ಮನುಷ್ಯನ ಹೆಸರೂ ಗೊತ್ತಿರಬೇಕು. ಗುಟ್ಟಾಗಿಡಿ ಅಂದಿದ್ದೆ. ಯಾರಿಗೆ ಹೇಳಿದ್ರಿ?"

"ಯಾರಿಗೂ ಹೇಳಿಲ್ಲ."

"ನೆನಪು ಮಾಡ್ಕೊಳ್ಳಿ."

"ಯಾರಿಗೂ ಹೇಳಿಲ್ಲ ಅಂದ್ನಲ್ಲ! ಗಿರಾಕಿಗಳಿಗಿಲ್ಲ, ಮೇಸ್ತ್ರಿಗಿಲ್ಲ, ನನ್ನ ತಂಗಿಗೂ ಹೇಳಿಲ್ಲ. ನಾನೇನು ಮಗೂನಾ?"

ಮೇಡಂ ಚೀಲದಿಂದ ಮೊಬೈಲ್ ತೆಗೆದು ಒಂದು ನಂಬರ್ ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ನಿಜವಾದ ಮನುಷ್ಯ ಎಲ್ಲಿದ್ದಾನೆ ಅಂತ ಮೊದಲು ನೋಡೋಣ. ಅವರ ಮನೆಗೇ ಮಾಡಿದ್ದೀನಿ."

ಎರಡು ಸಲ ಹೊಡೆದುಕೊಂಡ ಮೇಲೆ ಒಬ್ಬ ಹೆಂಗಸು ಎತ್ತಿದಳು. ಯಾರು ಅಂತ ಗೊತ್ತಾದದ್ದೇ ತಡ, ಮೇಡಂಗೆ ಬಾಯಿ ತೆರೆಯಲು ಬಿಡಲಿಲ್ಲ.

"ಅಯ್ಯೋ ಮೇಡಂ, ನೀವಾ! ನಾನೇ ಮಾಡೋಣ ಅಂತಿದ್ದೆ, ನೀವೇ ಮಾಡಿಬಿಟ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ. ನಮ್ಮ ಯಜಮಾನ್ರು ಇಷ್ಟು ವರ್ಷ ದುಡಿದ್ರು, ಒಂದು ದಿನ ಯಾರೂ ಬಾಗಿಲಿಗೆ ಬಂದು ನೀನು ಬೇಕು ಅಂತ ಕರೆದಿರಲಿಲ್ಲ. ನೀವು ಕರೆದ್ರಿ. ಕಿವಿ ಮಂದ ಆಯ್ತು, ಇನ್ನು ಯಾರು ಕೇಳ್ತಾರೆ ನನ್ನ ಅಂತ ಕೊರಗ್ತಿದ್ರು. ಈಗ ನೋಡಬೇಕು ನೀವು, ಹೊಸ ಮದುಮಗನ ಹಾಗೆ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಹೋಗಿದ್ದಾರೆ!"

"ಎಲ್ಲಿಗೆ ಹೋಗಿದ್ದಾರಮ್ಮ?" ಮೇಡಂ ಮೆಲ್ಲಗೆ ಕೇಳಿದರು.

"ಎಲ್ಲಿಗೆ ಅಂದ್ರೆ? ನಿಮ್ಮ ಬಾಟ್ಲಿ ಕಾರ್ಖಾನೆಗೇ! ಕೆಲಸಕ್ಕೆ ಸೇರಿ ಆಯ್ತಲ್ಲ ಮೇಡಂ."

ಮೈಕಿನವನು ಕೂಡ ಬಾಯಿ ತೆರೆದುಕೊಂಡು ಫೋನನ್ನೇ ನೋಡಿದ.

"ಕರ್ಕೊಂಡು ಹೋಗಿದ್ದು ಯಾರು?"

"ನಿಮ್ಮ ಸಣ್ಣ ಯಜಮಾನ್ರು! ಸ್ವಂತ ಕಾರು ತಗೊಂಡು ಮನೆ ಬಾಗಿಲಿಗೆ ಬಂದ್ರು ಪಾಪ. ಎಷ್ಟು ಮರ್ಯಾದೆ ಮೇಡಂ ಅವರಿಗೆ! ಅತ್ತಿಗೆ ಒಪ್ಪಿದ್ದಾರೆ, ಇಂಟರ್‌ವ್ಯೂನೂ ಬೇಡ, ಗೆಸ್ಟ್ ಹೌಸಲ್ಲಿ ಇರಿ, ಮೊದಲು ಒಂದು ದೊಡ್ಡ ಕೆಲಸ ಮುಗಿಸಿಕೊಡಿ ಅಂದ್ರು. ಇವರು ಇಲ್ಲಿ ರಜಾ ಹಾಕಿ ಹೊರಟೇಬಿಟ್ರು."

ಯಜಮಾನಿ ಕುರ್ಚಿಯ ಕೈ ಹಿಡಿದುಕೊಂಡಳು.

ಊಟದ ಮೇಜು ಕಣ್ಣ ಮುಂದೆ ಬಂತು. ಅನ್ನ ಬಡಿಸುತ್ತಾ ಅವಳೇ ಹೇಳಿದ್ದಳು. ಎಂಥ ಮನುಷ್ಯನನ್ನ ಹುಡುಕಿದ್ದಾರೆ ಗೊತ್ತೇನೋ ಜರಡಿ ಮೇಡಂ, ಫೋಟೋನೂ ನೋಡದೆ ಬರೀ ಕೆಲಸ ನೋಡಿ ಹುಡುಕಿದ್ದಾರೆ ಅಂತ ಖುಷಿಯಲ್ಲಿ ಹೆಸರು, ಊರು, ಕಾರ್ಖಾನೆ ಎಲ್ಲ ಹೇಳಿದ್ದಳು. ಮೈದುನನಿಗೆ ಹೇಳಿದ್ದು 'ಯಾರಿಗೋ' ಹೇಳಿದ ಹಾಗೆ ಅಂತ ಅವಳಿಗೆ ಅನ್ನಿಸಿಯೇ ಇರಲಿಲ್ಲ. ಮನೆಯವನು ಯಾರೋ ಹೇಗಾದಾನು?

"ದೊಡ್ಡ ಕೆಲಸ ಅಂದ್ರೆ ಯಾವುದಮ್ಮ?" ಮೇಡಂ ಕೇಳುತ್ತಿದ್ದರು. ಅವರ ದನಿ ಈಗ ಮೆಲ್ಲಗಿರಲಿಲ್ಲ.

"ಅದೇ, ಫರ್ನೇಸು ಹಳೇದಾಗಿದೆಯಂತಲ್ಲ. ಆರಿಸಿ ಹೊಸದು ಕಟ್ಟಿಸ್ತಾರಂತೆ. ಗೊತ್ತಿಲ್ಲದೋರು ಕೈ ಹಾಕಿದ್ರೆ ಅನಾಹುತ ಆಗತ್ತೆ, ನಿಮ್ಮಂಥೋರೇ ಬೇಕು ಅಂದ್ರಂತೆ. ಬೆಳಗ್ಗೆ ಫೋನ್ ಮಾಡಿದ್ರು ಇವರು. ಇವತ್ತೇ ಅಂತೆ, ಸೈರನ್ ಒಳಗೆ. ಅಮ್ಮಾವ್ರಿಗೆ ನನ್ನ ಕೈಮುಗಿದೆ ಅಂತ ಹೇಳಿ ಮೇಡಂ, ಅವರ ಉಪಕಾರ ಈ ಜನ್ಮದಲ್ಲಿ..."

ಮೇಡಂ ಫೋನ್ ಮೇಜಿನ ಮೇಲೇ ಬಿಟ್ಟರು.

"ಫರ್ನೇಸಿಗೆ ಹೋಗೋ ಗ್ಯಾಸ್ ಎಲ್ಲಿಂದ ನಿಲ್ಲಿಸ್ತಾರೆ?"

"ಹಿಂದೆ. ಅಂಗಳದ ಆ ತುದೀಲಿ, ಗ್ಯಾಸ್ ರೂಮು. ಮೇಸ್ತ್ರಿ ಇರ್ತಾನಲ್ಲಿ, ಯಾರನ್ನೂ ಒಳಗೆ..." ಯಜಮಾನಿಯ ಮಾತು ಅಲ್ಲೇ ನಿಂತಿತು. ಮೇಸ್ತ್ರಿ ಅಲ್ಲಿಲ್ಲ. ಬಂದವರಿಗೆ ಹಾಲ್ ತೋರಿಸು, ಆಮೇಲೆ ಅಲ್ಲೇ ಇರು ಅಂತ ಬೆಳಗ್ಗೆ ಅವನನ್ನು ಕಳಿಸಿದ್ದೂ ಮೈದುನನೇ.

ಮೇಡಂ ಚೀಲವನ್ನು ಅಲ್ಲೇ ಎಸೆದು ಓಡಿದರು. ಆ ವಯಸ್ಸಿನ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು ಹಾಗೆ ಓಡಿದ್ದನ್ನು ಯಜಮಾನಿ ಎಲ್ಲೂ ಕಂಡಿರಲಿಲ್ಲ. ಸಂಬಂಧವಿಲ್ಲ, ಬಂಧುವಲ್ಲ, ತನ್ನ ಬೆಂಕಿಗೋಸ್ಕರ ಓಡುತ್ತಿದ್ದಾರೆ.

"ನೀನೂ ಓಡೋ!" ಯಜಮಾನಿ ಮೈಕಿನವನ ಮೇಲೆ ರೇಗಿದಳು. "ಹಾಲಿಗೆ ಹೋಗಿ ಮೇಸ್ತ್ರೀನ ಎಳ್ಕೊಂಡು ಬಾ!"

ಅವನು ಎದ್ದುಬಿದ್ದು ಓಡಿದ. ಅವಳೂ ಮೇಜು ಸುತ್ತಿ ಬಾಗಿಲಿಗೆ ಬಂದಳು.

ಹಿಂದೆ ಇಂಟರ್‌ಕಾಮ್ ಹೊಡೆದುಕೊಂಡಿತು. ಗ್ಯಾಸ್ ರೂಮಿನ ದೀಪ ಮಿನುಗುತ್ತಿತ್ತು.

ಯಜಮಾನಿ ಹಾರಿ ರಿಸೀವರ್ ಎತ್ತಿದಳು.

"ಅಮ್ಮಾವ್ರಾ? ನಮಸ್ಕಾರ ಅಮ್ಮ." ಅವಳು ಎಂದೂ ಕೇಳದ ದನಿ. ನಿಧಾನ, ಭಾರ. "ನಾನು ನಿಮ್ಮ ಹೊಸ ಮ್ಯಾನೇಜರ್. ನಿಮ್ಮನ್ನ ಇನ್ನೂ ಕಣ್ಣಲ್ಲಿ ನೋಡಿಲ್ಲ, ಆದ್ರೂ ಮೊದಲು ಕೃತಜ್ಞತೆ ಹೇಳಿಬಿಡ್ತೀನಿ. ಈ ವಯಸ್ಸಲ್ಲಿ ನನ್ನ ನಂಬಿ ಕರೆಸಿಕೊಂಡ್ರಿ. ತಪ್ಪು ತಿಳ್ಕೋಬೇಡಿ, ಒಂದು ಮಾತು ಕೇಳೋಕೆ ಫೋನ್ ಮಾಡಿದೆ. ಗ್ಯಾಸಿನ ಚಕ್ರದ ಮೇಲೆ ಕೈ ಇಟ್ಟಿದ್ದೀನಿ, ತಿರುಗಿಸೋಕೆ ಮನಸ್ಸು ಬರ್ತಿಲ್ಲ. ಒಳಗೆ ಇಣುಕಿ ನೋಡಿದೆ. ಇಟ್ಟಿಗೆ ಇನ್ನೂ ಗಟ್ಟಿ ಇದೆ, ಉರಿ ಬಂಗಾರದ ಹಾಗಿದೆ. ಸಣ್ಣ ಯಜಮಾನ್ರು ನಿಮ್ಮ ಅಪ್ಪಣೆ ಅಂದ್ರು, ಸುಳ್ಳು ಅಂತಿಲ್ಲ. ಆದ್ರೂ ನಿ‌ಮ್ಮ ಬಾಯಿಂದ ಒಂದು ಸಲ ಕೇಳಿಬಿಟ್ರೆ..."

ಯಜಮಾನಿಯ ಕಣ್ಣು ತುಂಬಿಬಂತು. ಇಂಥವನನ್ನೇ! ಜರಡಿ ಮೇಡಂ ಇಂಥವನನ್ನೇ ಹುಡುಕಿದ್ದರು!

ಅತ್ತ ಏನೋ ಸರಭರ ಸದ್ದಾಯಿತು. "ಯಾರು ಸಾರ್, ಅತ್ತಿಗೇನಾ? ಕೊಡಿ, ಕೊಡಿ ಇಲ್ಲಿ."

"ಬೇಡ! ಆರಿಸಬೇಡಿ! ಕೈ ತೆಗೀರಿ!" ಯಜಮಾನಿ ಕಿರುಚಿದಳು.

"ಹ್ಞಾಂ, ಹೇಳಿ ಅತ್ತಿಗೆ." ಅದೇ ಬೆಣ್ಣೆಯ ದನಿ.

"ಲೋ! ನಿಮ್ಮಣ್ಣ ಹಚ್ಚಿದ ಬೆಂಕಿ ಕಣೋ ಅದು! ಮುಟ್ಟಿದ್ರೆ ನಿನ್ನ ಕೈ ಕತ್ತರಿಸ್ತೀನಿ!"

"ಹೌದು ಅತ್ತಿಗೆ. ಆಯ್ತು ಅತ್ತಿಗೆ. ನೀವು ಹೇಳಿದ ಹಾಗೇ ಅತ್ತಿಗೆ." ಅವನು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದ. ಹೇಳುತ್ತಿದ್ದದ್ದು ಅವಳಿಗಲ್ಲ, ಪಕ್ಕದಲ್ಲಿ ನಿಂತ ಆ ಕಿವಿ ಮಂದದ ಮ್ಯಾನೇಜರಿಗೆ.

"ಅವರ ಕೈಗೆ ಫೋನ್ ಕೊಡೋ ಪಾಪಿ!"

"ತುಂಬಾ ಥ್ಯಾಂಕ್ಸ್ ಅತ್ತಿಗೆ. ನಿಮ್ಮ ಆ ಮೇಡಂಗೂ ಥ್ಯಾಂಕ್ಸ್ ಹೇಳಿಬಿಡಿ. ಎಂಥ ನಿಯತ್ತಿನ ಮನುಷ್ಯನ್ನ ಹುಡುಕಿಕೊಟ್ಟಿದ್ದಾರೆ!"

ರಿಸೀವರ್ ಕೆಳಗಿಡುವ ಸದ್ದಿಗೆ ಮೊದಲು, ದೂರ ತಿರುಗಿದ ಅವನ ದನಿ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಕೇಳಿಸ್ಕೊಂಡ್ರಲ್ಲ ಸಾರ್? ಅಮ್ಮಾವ್ರು ಹ್ಞೂಂ ಅಂದ್ರು. ತಿರುಗಿಸಿ."